ದನಿಯ ಬೆನ್ನು ಹತ್ತಿದವರು

ಮಂದ್ರಸ್ವರಕ್ಕೊಂದು ವಿಚಿತ್ರ ಗುಣವಿದೆ. ಅದು ಕಿವಿಗೆ ಕೇಳುವ ಮೊದಲೇ ಎದೆಗೆ ತಾಕುತ್ತದೆ. ಹಾಡು ಮುಗಿದ ಮೇಲೆ ಅದರ ಮಾತು ಮರೆತೀತು, ಮಟ್ಟೂ ಮರೆತೀತು. ಆದರೆ ಕೆಳಗೆಲ್ಲೋ ಗುಂಯ್‌ಗುಟ್ಟುತ್ತಿದ್ದ ಆ ದನಿ ಮಾತ್ರ ಮೈಯಲ್ಲಿ ಉಳಿದುಬಿಡುತ್ತದೆ. ಕಾರವಾರದ ಕಡಲ ದಂಡೆಯಲ್ಲಿ ಕರಾವಳಿ ಉತ್ಸವ ನೆರೆದಾಗ ಮರಳಿನ ಮೇಲೆ ಕುಳಿತವರಿಗೆ ಈ ಅನುಭವ ಎರಡು ಬಗೆಯಾಗಿ ದೊರೆಯುವುದುಂಟು. ಒಂದು, ಅಂಕೋಲೆ-ಕುಮಟೆಗಳ ಹಳ್ಳಿಗಳಿಂದ ಬಂದ ಜಾನಪದ ತಂಡದವರು ಮಣ್ಣಿನ ಗುಮಟೆಯನ್ನು ಬಾರಿಸುವಾಗ. ಇನ್ನೊಂದು, ರಾತ್ರಿಯೇರಿದ ಮೇಲೆ ಬರುವ ಸಿನಿಮಾ ಹಾಡಿನ ವಾದ್ಯವೃಂದದಲ್ಲಿ ಮೂಲೆಗೆ ನಿಂತು, ಯಾರ ಕಣ್ಣಿಗೂ ಅಷ್ಟಾಗಿ ಬೀಳದೆ, ನಾಲ್ಕು ದಪ್ಪ ತಂತಿಗಳ ಗಿಟಾರನ್ನು ಮಿಡಿಯುವ ತರುಣನಿಂದ.

ಆ ತರುಣನ ವಾದ್ಯಕ್ಕೆ ಬೇಸ್ ಗಿಟಾರ್ ಎಂದು ಹೆಸರು. ಅಮೆರಿಕದ ಲಿಯೋ ಫೆಂಡರ್ ಎಂಬಾತ ೧೯೫೧ರಲ್ಲಿ ಅದನ್ನು ಮಾರುಕಟ್ಟೆಗೆ ತಂದಮೇಲೆ, ಆಳೆತ್ತರದ ಹಳೆಯ ಮಂದ್ರ ಪಿಟೀಲನ್ನು ಹೊತ್ತು ತಿರುಗುವ ಕಷ್ಟ ಪಾಶ್ಚಾತ್ಯ ವಾದಕರಿಗೆ ತಪ್ಪಿತು. ಅದರ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ಮನುಷ್ಯನ ಕಿವಿಗೆ ಕೇಳಿಸುವ ನಾದದ ಕೆಳಗಿನ ಎಲ್ಲೆ ಸುಮಾರು ೨೦ ಕಂಪನ ಎಂಬುದನ್ನು ನೆನೆದರೆ, ಈ ವಾದ್ಯ ಎಷ್ಟು ಆಳದಲ್ಲಿ ಓಡಾಡುತ್ತದೆಂಬುದು ತಿಳಿಯುತ್ತದೆ. ಇನ್ನು ಆತನ ಪಾದಗಳ ಬಳಿ ನೋಡಿದರೆ, ಅಂಗೈಯಗಲದ ಒಂದೆರಡು ಲೋಹದ ಪೆಟ್ಟಿಗೆಗಳು, ಅವುಗಳ ಮೇಲೆ ತಿರುಗಿಸುವ ಗುಂಡಿಗಳು, ಕಾಲಿನಿಂದ ಒತ್ತುವ ಒಂದು ಸ್ವಿಚ್ಚು. ಇವೇ ಎಫೆಕ್ಟ್ಸ್ ಪೆಡಲುಗಳು. ತಂತಿಯ ಕಂಪನ ವಿದ್ಯುತ್ತಾಗಿ ಗಿಟಾರಿನಿಂದ ಹೊರಟು, ಧ್ವನಿವರ್ಧಕವನ್ನು ಸೇರುವ ಮುನ್ನ ಈ ಪೆಟ್ಟಿಗೆಗಳೊಳಗೆ ಹಾಯ್ದುಹೋಗುತ್ತದೆ. ಒಂದು ಪೆಟ್ಟಿಗೆ ನಾದದ ಅಲೆಯ ನೆತ್ತಿಯನ್ನು ಕತ್ತರಿಸಿ ದನಿಯನ್ನು ಒರಟಾಗಿಸುತ್ತದೆ. ಇನ್ನೊಂದು ಜೋರಾದುದನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತಿ ಎಲ್ಲವನ್ನೂ ಒಂದು ಹದಕ್ಕೆ ತರುತ್ತದೆ. ಮತ್ತೊಂದು, ಬಾಯಿ ತೆರೆದು ಮುಚ್ಚಿದಂತೆ, ನಾದವನ್ನು ‘ವ್ವಾ’ ಎನ್ನಿಸುತ್ತದೆ.

ಇಷ್ಟಾದರೆ ಇದು ಬರಿಯ ಯಂತ್ರದ ಕಥೆಯಾದೀತು. ಸ್ವಾರಸ್ಯವಿರುವುದು ಬೇರೆಡೆ. ಈ ಪೆಟ್ಟಿಗೆಗಳಲ್ಲಿ ಕೆಲವು ಪ್ರಸಿದ್ಧ ವಾದಕರ ಹೆಸರನ್ನು ಹೊತ್ತು ಮಾರಾಟಕ್ಕೆ ಬರುತ್ತವೆ. ಅಮೆರಿಕದ ಟೆಕ್ ೨೧ ಎಂಬ ಸಂಸ್ಥೆ ‘ರಷ್’ ತಂಡದ ಗೆಡ್ಡಿ ಲೀ, ‘ಐರನ್ ಮೇಡನ್’ ತಂಡದ ಸ್ಟೀವ್ ಹ್ಯಾರಿಸ್, ‘ಕಿಂಗ್ಸ್ ಎಕ್ಸ್’ ತಂಡದ ಡಗ್ ಪಿನ್ನಿಕ್ ಇವರ ಹೆಸರಿನಲ್ಲಿ ಪೆಟ್ಟಿಗೆಗಳನ್ನು ಮಾಡಿದೆ. ಸ್ವೀಡನ್ನಿನ ಇಬಿಎಸ್ ಸಂಸ್ಥೆ ಬಿಲ್ಲಿ ಶೀಹನ್ನನ ಹೆಸರಿನಲ್ಲಿ ಮಾಡಿದೆ. ‘ಮೆಟಾಲಿಕಾ’ ತಂಡದ ಕ್ಲಿಫ್ ಬರ್ಟನ್ ೧೯೮೬ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಬಸ್ಸಿನ ಅಪಘಾತದಲ್ಲಿ ತೀರಿಕೊಂಡ. ಆತ ತುಳಿಯುತ್ತಿದ್ದ ಬಗೆಯ ಪೆಡಲನ್ನು ಆತನ ಹೆಸರಿನಲ್ಲೇ ಮಾರ್ಲೆ ಎಂಬ ಸಂಸ್ಥೆ ದಶಕಗಳ ನಂತರ ಹೊರತಂದಿತು. ಆಳು ಇಲ್ಲ, ಆತನ ದನಿ ಮಾತ್ರ ಅಂಗಡಿಯ ಕಪಾಟಿನಲ್ಲಿದೆ! ಹಲವು ಸಾವಿರ ರೂಪಾಯಿ ತೆತ್ತು ಅದನ್ನು ಮನೆಗೆ ತರುವ ಹುಡುಗನಿಗೆ ಬೇಕಾದುದು ಪೆಟ್ಟಿಗೆಯಲ್ಲ. ತಾನು ಯಾವ ಒಂದು ಇರುಳಿನಲ್ಲಿ ಕೇಳಿ ಮರುಳಾದೆನೋ ಆ ದನಿ ಅವನಿಗೆ ಬೇಕು.

ಈ ಪೆಟ್ಟಿಗೆಗಳ ಹಿಂದೆ ಜಾಣತನವಿಲ್ಲವೆಂದಲ್ಲ. ಮಂದ್ರಸ್ವರವನ್ನು ಒರಟಾಗಿಸಹೊರಟರೆ ಅದು ಕೆಸರಾಗಿಬಿಡುತ್ತದೆ. ಗಾತ್ರವೂ ಹೋಗುತ್ತದೆ, ಸ್ಪಷ್ಟತೆಯೂ ಹೋಗುತ್ತದೆ. ಶೀಹನ್, ಪಿನ್ನಿಕ್ ಮೊದಲಾದವರು ಇದಕ್ಕೊಂದು ಉಪಾಯ ಕಂಡುಕೊಂಡರು: ನಾದವನ್ನು ಎರಡು ಕವಲಾಗಿ ಸೀಳುವುದು, ಕೆಳಗಿನದನ್ನು ಇದ್ದಂತೆ ಶುದ್ಧವಾಗಿ ಬಿಟ್ಟು ಮೇಲಿನದನ್ನು ಮಾತ್ರ ಒರಟಾಗಿಸುವುದು, ಕೊನೆಗೆ ಎರಡನ್ನೂ ಕೂಡಿಸುವುದು. ಮೊದಲು ಇದಕ್ಕೆ ಎರಡು ಧ್ವನಿವರ್ಧಕಗಳು ಬೇಕಾಗುತ್ತಿದ್ದವು. ಈಗ ಅಂಗೈಯಗಲದ ಪೆಟ್ಟಿಗೆಯೊಂದು ಆ ಕೆಲಸವನ್ನು ಮಾಡುತ್ತದೆ. ಒಬ್ಬ ವಾದಕ ವರ್ಷಗಟ್ಟಲೆ ತಡವರಿಸಿ ಕಂಡುಕೊಂಡ ಹದವನ್ನು ಇನ್ನೊಬ್ಬ ಸ್ವಿಚ್ಚಿನಿಂದ ಪಡೆಯುತ್ತಾನೆ. ಅಷ್ಟರಮಟ್ಟಿಗೆ ಅದು ಉಪಕಾರವೇ ಸರಿ.

ಆದರೆ ಇಡೀ ಲೋಕದ ಬೇಸ್ ವಾದಕರು ಯಾರ ದನಿಗಾಗಿ ಹಂಬಲಿಸುತ್ತಾರೋ ಆ ಜೇಮ್ಸ್ ಜೇಮರ್‌ಸನ್ನನ (೧೯೩೬-೧೯೮೩) ಕಾಲ ಕೆಳಗೆ ಯಾವ ಪೆಟ್ಟಿಗೆಯೂ ಇರಲಿಲ್ಲ. ಡೆಟ್ರಾಯ್ಟ್ ನಗರದ ಮೋಟೌನ್ ಸಂಸ್ಥೆಯ ಧ್ವನಿಮುದ್ರಣ ಕೊಠಡಿಯಲ್ಲಿ ಕುಳಿತು, ಗಿಟಾರನ್ನು ನೇರವಾಗಿ ಮುದ್ರಣಯಂತ್ರಕ್ಕೆ ಜೋಡಿಸಿ, ಬಲಗೈಯ ತೋರುಬೆರಳು ಒಂದರಿಂದಲೇ ಆತ ೧೯೬೦ರ ದಶಕದ ಅಸಂಖ್ಯ ಜನಪ್ರಿಯ ಹಾಡುಗಳಿಗೆ ತಳಹದಿ ಹಾಕಿದ. ವಾದ್ಯದ ತಂತಿಗಳನ್ನು ವರ್ಷಾನುಗಟ್ಟಲೆ ಬದಲಿಸುತ್ತಿರಲಿಲ್ಲ. ಬೆರಳಿನ ಬೆವರು, ಎಣ್ಣೆ, ಕೊಳೆ ಎಲ್ಲ ಸೇರಿ ಆ ತಂತಿಗಳಿಗೆ ಮಂಕು ಕವಿದ ಒಂದು ಗುಂಡುದನಿ ಬಂದಿತ್ತು. ಇಂದು ಅದೇ ಬಗೆಯ ಗಿಟಾರು, ಅದೇ ಬಗೆಯ ತಂತಿ, ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಆ ತೋರುಬೆರಳು ಸಿಗುವುದಿಲ್ಲ.

ಹಾಗೆಂದು ಇದೇನೋ ಪಾಶ್ಚಾತ್ಯರ ಹುಚ್ಚು ಎಂದು ನಗುವಂತಿಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದೆಳೆ ನೂಲನ್ನು ಸೇರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಸತ್ತಂತಿದ್ದ ತಂತಿ ಝೇಂಕರಿಸತೊಡಗುತ್ತದೆ. ದಕ್ಷಿಣಾದಿಯವರು ಇದನ್ನು ಜೀವಾಳಿ ಎನ್ನುತ್ತಾರೆ, ಉತ್ತರಾದಿಯವರು ಜವಾರಿ. ಬೆಲೆಯಿಲ್ಲದ ಆ ನೂಲಿಗಿಂತ ಪರಿಣಾಮಕಾರಿಯಾದ ಪೆಡಲನ್ನು ಇನ್ನೂ ಯಾರೂ ಮಾಡಿಲ್ಲ ಎಂದರೆ ಉತ್ಪ್ರೇಕ್ಷೆಯಾಗಲಾರದು. ಮೆಚ್ಚಿದ ದನಿಯ ಬೆನ್ನು ಹತ್ತಿ ಓಡಿದವರಂತೂ ಕನ್ನಡನಾಡಿನಲ್ಲಿ ಎಷ್ಟೋ ಮಂದಿ. ಅವರಲ್ಲಿ ಒಬ್ಬ ಹುಡುಗ ನಿಜವಾಗಿಯೂ ಓಡಿಹೋದ.

ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯೊಂದನ್ನು ಕೇಳಿದ. ಝಿಂಝೋಟಿ ರಾಗದ ಠುಮರಿ. ಖಾನರ ಕಂಠ ತೆಳುವು, ಎತ್ತರದ್ದು, ಜೇನಿನ ಎಳೆಯಂತೆ ತುಂಡಾಗದೆ ಹರಿಯುವಂಥದು. ಅಂಥ ಹಾಡುಗಾರಿಕೆ ತನಗೂ ಬರಬೇಕು ಎಂಬ ಹಟ ಹುಡುಗನನ್ನು ಹಿಡಿಯಿತು. ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಆತ ಮನೆ ಬಿಟ್ಟು ಗುರುವನ್ನರಸಿ ಉತ್ತರಕ್ಕೆ ಹೊರಟ. ರೈಲಿನಲ್ಲಿ ಅಲೆದ, ಗ್ವಾಲಿಯರದವರೆಗೂ ಹೋದ. ಕೊನೆಗೆ ಬೇಕಾದುದು ದೊರೆತದ್ದು ಮನೆಯ ಹಿತ್ತಿಲಲ್ಲೇ ಎನ್ನಬೇಕು. ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಗದಗಿನಿಂದ ದೂರವಲ್ಲದ ಕುಂದಗೋಳದಲ್ಲಿದ್ದರು. ೧೯೩೬ರಿಂದ ಅವರಲ್ಲಿ ಭೀಮಸೇನರ ಶಿಕ್ಷಣ ನಡೆಯಿತು.

ಇಲ್ಲಿ ಗಮನಿಸಬೇಕಾದುದೊಂದಿದೆ. ಸವಾಯಿ ಗಂಧರ್ವರ ಕಂಠ ಗುರುವಿನ ಕಂಠದಂತೆ ನಯವಾದುದಾಗಿರಲಿಲ್ಲ; ಭೀಮಸೇನರದಂತೂ ಮೋಡ ಗುಡುಗಿದಂಥ ಘನಕಂಠ. ಯಾವ ತೆಳುದನಿಯ ಬೆನ್ನು ಹತ್ತಿ ಹುಡುಗ ಓಡಿದನೋ ಆ ದನಿ ಅವನಿಗೆ ಬರಲೇ ಇಲ್ಲ. ಸ್ವರದಿಂದ ಸ್ವರಕ್ಕೆ ಸಾಗುವ ನಿಧಾನ, ಒಂದು ಸ್ವರದ ಮೇಲೆ ನಿಂತು ಅದನ್ನು ತುಂಬುವ ಬಗೆ—ಇವು ಬಂದವು. ೨೦೦೮ರಲ್ಲಿ ಭಾರತರತ್ನ ಪ್ರಶಸ್ತಿ ಘೋಷಣೆಯಾದಾಗ ಲೋಕ ಮೆಚ್ಚಿದ್ದು ಭೀಮಸೇನರ ದನಿಯನ್ನು. ಅದನ್ನು ಕೇಳಿ ಅಬ್ದುಲ್ ಕರೀಂ ಖಾನರೆಂದು ಭ್ರಮಿಸಿದವರು ಯಾರೂ ಇರಲಾರರು.

ಇದಕ್ಕೆ ವ್ಯತಿರಿಕ್ತವಾದ ಕಥೆ ಬಡಗುತಿಟ್ಟಿನ ಯಕ್ಷಗಾನದ್ದು. ಗುಂಡ್ಮಿಯ ಕಾಳಿಂಗ ನಾವಡರು (೧೯೫೮-೧೯೯೦) ಸಾಲಿಗ್ರಾಮ ಮೇಳದ ಭಾಗವತರಾಗಿ ಹಾಡತೊಡಗಿದಾಗ ಕರಾವಳಿಗೆ ಕರಾವಳಿಯೇ ಕಿವಿಗೊಟ್ಟಿತು. ಏರುಶ್ರುತಿ, ಎಲ್ಲಿ ಬೇಕೆಂದರಲ್ಲಿ ಬಳುಕುವ ಕಂಠ, ಹೊಸ ರಾಗಗಳ ಬಳಕೆ. ರಸ್ತೆ ಅಪಘಾತ ಅವರನ್ನು ಎಳವೆಯಲ್ಲಿಯೇ ಕೊಂಡೊಯ್ದಿತು. ಆದರೆ ಆ ಹೊತ್ತಿಗೆ ಧ್ವನಿಸುರುಳಿಗಳ ಕಾಲ ಬಂದಿತ್ತು. ಮೇಳ ಹೋಗದ ಊರಿಗೂ ಅವರ ಕಂಠ ಹೋಗಿತ್ತು. ಮುಂದಿನ ತಲೆಮಾರಿನ ಎಷ್ಟೋ ಭಾಗವತರು ಸುರುಳಿಯನ್ನು ಮತ್ತೆ ಮತ್ತೆ ತಿರುವಿ ಅವರ ಉಸಿರನ್ನೂ ಬಿಡದೆ ಕಲಿತರು. ‘ನಾವಡರ ಹಾಗೆಯೇ ಹಾಡುತ್ತಾರೆ’ ಎಂಬುದು ಹೊಗಳಿಕೆಯೂ ಆಯಿತು, ನಿಧಾನವಾಗಿ ಆಕ್ಷೇಪವೂ ಆಯಿತು. ಮೈಕಿನವನ ಪೆಟ್ಟಿಗೆಯಲ್ಲಿ ‘ಎಕೋ’ ಗುಂಡಿಯನ್ನು ತಿರುಗಿಸಿಕೊಂಡರೆ ಅರ್ಧ ನಾವಡರಾದೆವೆಂದು ತಿಳಿದವರೂ ಇಲ್ಲದಿಲ್ಲ. ಉತ್ತರ ಕನ್ನಡದಲ್ಲಿ ಬೇರೆಯದೇ ಒಂದು ಗಂಭೀರವಾದ ಹಾಡುಗಾರಿಕೆಯುಂಟು. ಇಡಗುಂಜಿ ಮೇಳದ ನೆಬ್ಬೂರು ನಾರಾಯಣ ಭಾಗವತರಂಥವರು ಅದನ್ನು ಕಡೆಯವರೆಗೂ ಕಾಪಾಡಿದರು. ಒಬ್ಬರ ದನಿ ಎಲ್ಲರ ಗಂಟಲನ್ನೂ ಹೊಕ್ಕರೆ ಇಂಥ ಪ್ರಾದೇಶಿಕ ಮಟ್ಟುಗಳು ಸದ್ದಿಲ್ಲದೆ ಸರಿದುಹೋಗುತ್ತವೆ. ಮಹಾಪ್ರತಿಭೆಯ ಜೊತೆಗೆ ಬರುವ ನಷ್ಟವಿದು.

ಇನ್ನು ಗುಮಟೆ. ಈ ಎಲ್ಲ ಕಥೆಗಳಿಗಿಂತ ಗುಮಟೆಯ ಕಥೆ ಕಠಿನವಾದುದು, ಏಕೆಂದರೆ ಇಲ್ಲಿ ಬೇಕಾದ ದನಿಗೆ ಒಂದು ಜೀವವೇ ಬೆಲೆಯಾಗಿತ್ತು.

ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳ ಗದ್ದೆಬಯಲಿನ ಅಂಚಿನಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿವೆ. ಗಂಡಸರು ಕೂಡಿ ಗುಮಟೆಯೊಡನೆ ಹಾಡುವುದಕ್ಕೆ ಗುಮಟೆ ಪಾಂಗು ಎನ್ನುತ್ತಾರೆ. ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ, ತಲೆಯ ಮೇಲೆ ತುರಾಯಿ ಧರಿಸಿ ಸುಗ್ಗಿ ಕುಣಿತಕ್ಕೆ ಇಳಿಯುವ ಜನರೂ ಇವರೇ. ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಒಂದು ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮದ ಹೊದಿಕೆ, ಸಣ್ಣ ಬಾಯಿ ತೆರೆದದ್ದು. ಬಲಗೈ ಬೆರಳುಗಳು ಚರ್ಮದ ಮೇಲೆ ಆಡುತ್ತವೆ. ಎಡಗೈ ಅಂಗೈ ಸಣ್ಣ ಬಾಯನ್ನು ತೆರೆದು ಮುಚ್ಚುತ್ತಿರುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಒಳಗಿನ ಗಾಳಿ ‘ಭೂಂ’ ಎನ್ನುವುದನ್ನು ಮಕ್ಕಳೂ ಬಲ್ಲರು. ಗಡಿಗೆಯೊಳಗಿನ ಗಾಳಿಯದೂ ಅದೇ ನಿಯಮ: ಬಾಯಿ ಕಿರಿದಾದಷ್ಟೂ ಅದರ ಅನುರಣನ ಕೆಳಕ್ಕಿಳಿಯುತ್ತದೆ. ಬೇಸ್ ವಾದಕ ಕಾಲಡಿಯ ಪೆಟ್ಟಿಗೆಯಿಂದ ಪಡೆಯುವ ‘ವ್ವಾ’ ಎಂಬ ಬಳುಕನ್ನು ಗುಮಟೆಯವನು ಎಡಗೈ ಅಂಗೈಯಿಂದಲೇ ಪಡೆಯುತ್ತಾನೆ. ವಿದ್ಯುತ್ತೂ ಬೇಡ, ತಂತಿಯೂ ಬೇಡ.

ಹೊದಿಕೆಯ ಚರ್ಮವೋ, ತಲೆತಲಾಂತರದಿಂದ ಉಡದ್ದು. ಉಡದ ಚರ್ಮ ತೆಳ್ಳಗಿದ್ದರೂ ಗಟ್ಟಿ. ಬಿಗಿಯಾಗಿ ಎಳೆದು ಅಂಟಿಸಿದರೆ ಒಣಗಿದ ಮೇಲೆ ತಮಟೆಯಂತೆ ಮಿಡಿಯುತ್ತದೆ. ಬೆರಳ ತುದಿ ತಾಕಿದರೂ ಉತ್ತರ ಕೊಡುವ ಆ ಚುರುಕು, ಅದರ ಬೆನ್ನಿಗೇ ಗಡಿಗೆಯೊಳಗಿಂದ ಏಳುವ ಗುಂಭನ—ಗುಮಟೆಯ ದನಿಯೆಂದರೆ ಇವೆರಡರ ಕೂಟ. ಕರ್ನಾಟಕ ಸಂಗೀತದ ಖಂಜಿರಕ್ಕೂ ಇದೇ ಕಾರಣಕ್ಕಾಗಿ ಇದೇ ಪ್ರಾಣಿಯ ಚರ್ಮ ಸಲ್ಲುತ್ತಿತ್ತು. ಗದ್ದೆಯ ಬದುವಿನಲ್ಲಿ, ಹುತ್ತದ ಬುಡದಲ್ಲಿ ಹುಳುಹುಪ್ಪಟೆ, ಏಡಿ, ಇಲಿಗಳನ್ನು ತಿಂದು ರೈತನಿಗೆ ಉಪಕಾರವನ್ನೇ ಮಾಡುತ್ತಿದ್ದ ಈ ಬಡಪ್ರಾಣಿಗೆ ಮಾಂಸಕ್ಕಾಗಿ, ಎಣ್ಣೆಗಾಗಿ, ಚರ್ಮಕ್ಕಾಗಿ ಎಲ್ಲ ಕಡೆಯಿಂದಲೂ ಬಲೆ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡಕ್ಕೆ ರಕ್ಷಣೆ ನೀಡಿತು. ಈಗ ಅದು ಒಂದನೆಯ ಅನುಸೂಚಿಯ ಪ್ರಾಣಿ, ಎಂದರೆ ಹುಲಿ ಆನೆಗಳ ಸಾಲಿನದು. ಅದನ್ನು ಕೊಲ್ಲುವುದಷ್ಟೇ ಅಲ್ಲ, ಅದರ ಚರ್ಮದ ವಸ್ತುವನ್ನು ಅನುಮತಿಯಿಲ್ಲದೆ ಮಾರುವುದೂ ಇಟ್ಟುಕೊಳ್ಳುವುದೂ ಅಪರಾಧ; ೩ರಿಂದ ೭ ವರ್ಷದವರೆಗೆ ಸೆರೆವಾಸ, ಮೇಲೆ ದಂಡ. ಅಜ್ಜ ಬಿಟ್ಟುಹೋದ ಗುಮಟೆ ಗೋಡೆಯ ಗೂಟದ ಮೇಲೆ ತೂಗುತ್ತಿದ್ದರೆ ಅದು ಪಿತ್ರಾರ್ಜಿತ ಸೊತ್ತೋ, ಅಪರಾಧದ ಸಾಕ್ಷಿಯೋ? ಹಳ್ಳಿಯವನಿಗೆ ಈ ಪ್ರಶ್ನೆ ತಮಾಷೆಯದಲ್ಲ. ಕಾನೂನು ತಪ್ಪೆಂದು ಹೇಳುವಂತೆಯೂ ಇಲ್ಲ. ಒಂದು ನಾದಕ್ಕಾಗಿ ಒಂದು ಜೀವಜಾತಿಯನ್ನು ತೆರಲು ಯಾವ ಕಲೆಗೂ ಹಕ್ಕಿಲ್ಲ. ಆದರೂ, ನಾಳೆಯಿಂದ ಎಲ್ಲ ಪಿಟೀಲುಗಳಿಗೂ ಮರವನ್ನೇ ಬದಲಿಸಬೇಕೆಂದು ವಿಧಿಸಿದರೆ ಪಟ್ಟಣದ ಸಂಗೀತಸಭೆಗಳಲ್ಲಿ ಎಷ್ಟು ಚರ್ಚೆ ನಡೆದೀತೆಂದು ಊಹಿಸಿಕೊಂಡರೆ, ಗುಮಟೆಯ ವಿಷಯದಲ್ಲಿ ಎಷ್ಟು ಕಡಿಮೆ ಮಾತು ನಡೆಯಿತೆಂಬುದು ತಿಳಿಯುತ್ತದೆ.

ಹೊಸ ಹೊದಿಕೆ ಆಡಿನ ಚರ್ಮ. ಅದರೊಡನೆ ಹೆಣಗಾಟವೂ ಮೊದಲಾಯಿತು. ಆಡಿನ ಚರ್ಮ ಉಡದ್ದಕ್ಕಿಂತ ದಪ್ಪ. ಬೆರಳಿನ ಸೂಕ್ಷ್ಮವಾದ ಮಿಡಿತವನ್ನು ನುಂಗಿಬಿಡುತ್ತದೆ, ದನಿ ಮೊದ್ದಾಗುತ್ತದೆ. ಎಳೆಯ ಆಡಿನ ತೆಳುಚರ್ಮವನ್ನು ಆರಿಸಿ, ರೋಮ ತೆಗೆದು, ಹೆರೆದು ಹದಗೊಳಿಸಿ, ಬಿಗಿದು ಒಣಗಿಸಿದರೆ ಚುರುಕು ಬರುತ್ತದೆ. ಆದರೆ ಕಡಲ ಗಾಳಿಯ ತೇವ ತಾಕಿತೋ, ಮತ್ತೆ ಸಡಿಲು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮಳೆ ಸುರಿಯುವ ನಾಡಿದು. ಹಾಡಿಗೆ ಕೂರುವ ಮುನ್ನ ಬಿಸಿಲಿಗೋ ಬೆಂಕಿಯ ಬಳಿಗೋ ಹಿಡಿದು ಚರ್ಮವನ್ನು ಕಾಯಿಸಬೇಕು, ಹಾಡು ಬೆಳೆದಂತೆ ಅದು ಕಾವು ಕಳೆದುಕೊಂಡು ಇಳಿಯುತ್ತದೆ, ಮತ್ತೆ ಕಾಯಿಸಬೇಕು. ಗಡಿಗೆಯ ಹೊಟ್ಟೆ ಎಷ್ಟಿರಬೇಕು, ಕಂಠ ಎಷ್ಟು ಕಿರಿದಾಗಬೇಕು ಎಂಬ ಲೆಕ್ಕವನ್ನೂ ಚರ್ಮಕ್ಕೆ ತಕ್ಕಂತೆ ಹೊಸದಾಗಿ ಹಾಕಬೇಕಾಗುತ್ತದೆ. ಕುಂಬಾರ, ಚರ್ಮ ಹದಗೊಳಿಸುವವ, ಬಾರಿಸುವವ—ಮೂವರೂ ಕೂಡಿ ಕಳೆದುಹೋದ ಒಂದು ದನಿಯನ್ನು ಹುಡುಕುತ್ತಿದ್ದಾರೆ. ಅಮೆರಿಕದ ಕಾರ್ಖಾನೆಯಲ್ಲಿ ಜೇಮರ್‌ಸನ್ನನ ದನಿಗಾಗಿ ನಡೆಯುವ ಹುಡುಕಾಟಕ್ಕೂ ಇದಕ್ಕೂ ಭೇದ ಹಣದ್ದು ಮಾತ್ರ.

ನೆರೆಯ ಗೋವೆಯಲ್ಲಿ ಇದೇ ವಾದ್ಯಕ್ಕೆ ಘುಮಟವೆಂದು ಹೆಸರು. ಅಲ್ಲಿ ಗಣೇಶ ಚೌತಿಯ ಆರತಿಗೂ ಅದು ಬೇಕು, ಕ್ರೈಸ್ತರ ಮಾಂಡೊ ಹಾಡಿನಲ್ಲಿ ಪಿಟೀಲಿನ ಪಕ್ಕದಲ್ಲೂ ಅದು ಬೇಕು. ಬಹುಕಾಲ ಕದ್ದುಮುಚ್ಚಿ ಬದುಕಿದ ಮೇಲೆ, ೨೦೧೯ರಲ್ಲಿ ಗೋವೆಯ ಸರಕಾರ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ಆಡಿನ ಚರ್ಮದ್ದು ಎಂಬ ಕರಾರಿನ ಮೇಲೆ. ಕಾಳಿ ನದಿಯ ಈಚೆ ದಡದ ಗುಮಟೆಗೂ ಅಂಥದೊಂದು ಗೌರವ ಸಲ್ಲಬೇಕಾದುದು ನ್ಯಾಯ. ಖಂಜಿರದವರೂ ಆಡಿನ ಚರ್ಮ, ಕೃತಕ ಪೊರೆ ಎಂದು ಪ್ರಯೋಗಗಳಲ್ಲಿ ತೊಡಗಿದ್ದಾರೆ. ಕೃತಕ ಪೊರೆ ತೇವಕ್ಕೆ ಅಂಜುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ.

ಇಷ್ಟರಲ್ಲಿ ಇನ್ನೊಂದು ನಷ್ಟ ಸಂಭವಿಸಿದೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ೨೦೨೫ರ ಫೆಬ್ರವರಿಯಲ್ಲಿ ತೀರಿಕೊಂಡರು. ೨೦೧೭ರಲ್ಲಿ ಪದ್ಮಶ್ರೀ ಪಡೆದ ಈ ತಾಯಿಯ ನೆನಪಿನಲ್ಲಿ ಹಾಲಕ್ಕಿಗಳ ಹಾಡಿನ ಒಂದು ಭಂಡಾರವೇ ಇತ್ತು. ಅಕ್ಷರ ಕಲಿತವರಲ್ಲ, ಊರಿನ ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿ ಹೋರಾಡಿದವರು. ಅವರಿಗೆ ಗುಮಟೆಯೂ ಬೇಕಿರಲಿಲ್ಲ, ಕಂಠವೇ ಸಾಕು. ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದೆ. ಕುಮಟೆಯ ಎಲ್. ಆರ್. ಹೆಗಡೆಯವರಂಥ ಸಂಗ್ರಾಹಕರು ಈ ಜಿಲ್ಲೆಯ ಜನಪದ ಗೀತಗಳನ್ನು ಸಂಪುಟ ಸಂಪುಟಗಳಾಗಿ ಅಚ್ಚಿಗೆ ತಂದರು. ಆ ಶ್ರಮಕ್ಕೆ ಕನ್ನಡಿಗರು ಋಣಿಗಳು. ಆದರೆ ಅಚ್ಚಿನಲ್ಲಿ ಮಾತು ಉಳಿಯುತ್ತದೆ, ಎಳೆತ ಉಳಿಯುವುದಿಲ್ಲ. ಸುಕ್ರಜ್ಜಿ ಒಂದು ಸಾಲಿನ ಕೊನೆಯಲ್ಲಿ ದನಿಯನ್ನು ಹೇಗೆ ಬಾಗಿಸುತ್ತಿದ್ದರೆಂಬುದನ್ನು ತಿಳಿಯಬೇಕೆಂಬ ಇಂದಿನ ಹುಡುಗಿ ಧ್ವನಿಮುದ್ರಣಕ್ಕೇ ಮೊರೆಹೋಗಬೇಕು—ನಾವಡರ ಸುರುಳಿ ತಿರುವಿದ ಭಾಗವತರಂತೆ, ಠುಮರಿಯ ತಟ್ಟೆಗೆ ಕಿವಿಯೊಡ್ಡಿದ ಗದಗಿನ ಹುಡುಗನಂತೆ. ಅವಳ ಕಂಠ ಬೇರೆ. ಅವಳು ಹಾಡಿದಾಗ ಅದು ಸುಕ್ರಜ್ಜಿಯದೇ ದನಿಯಾಗಿ ಕೇಳಬೇಕೆಂದು ಹಟ ಹಿಡಿಯುವವರು ಭೀಮಸೇನರನ್ನು ನೆನೆದುಕೊಳ್ಳುವುದು ಒಳ್ಳೆಯದು.

ಉತ್ಸವದ ವೇದಿಕೆಯ ಮೇಲಾದರೆ ಆಡಿನ ಚರ್ಮದ ಗುಮಟೆಗೂ ಒಂದು ಅನುಕೂಲವಿದೆ. ಮೈಕಿನವನು ತನ್ನ ಹಲಗೆಯ ಮೇಲಿನ ಮಂದ್ರದ ಗುಂಡಿಯನ್ನು ತುಸು ಬಲಕ್ಕೆ ತಿರುಗಿಸಿದರೆ ಸಾಕು, ಮರಳಿನ ಮೇಲೆ ಕುಳಿತವರ ಎದೆ ನಡುಗುವಷ್ಟು ಗಾತ್ರ ಅದಕ್ಕೆ ಬಂದುಬಿಡುತ್ತದೆ. ಬೇಸ್ ಗಿಟಾರಿನ ತರುಣನ ಪೆಟ್ಟಿಗೆ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಕೊಪ್ಪದ ಮನೆಯ ಅಂಗಳದಲ್ಲಿ ಅಂಥ ಗುಂಡಿಯಿಲ್ಲ. ಅಲ್ಲಿ ಹೊಸ ಗುಮಟೆಯನ್ನು ಮಡಿಲಲ್ಲಿ ಇಟ್ಟುಕೊಂಡವನು ಉಡದ ಚರ್ಮಕ್ಕೆ ರೂಢಿಯಾಗಿದ್ದ ಎಡಗೈಗೆ ಬೇರೆ ಪಾಠ ಹೇಳಬೇಕು: ಸಣ್ಣ ಬಾಯನ್ನು ಎಷ್ಟು ಮುಚ್ಚಿದರೆ ಗಾಳಿ ಗುಮ್ಮೆನ್ನುತ್ತದೆ, ಯಾವ ಪೆಟ್ಟಿಗೆ ಯಾವಾಗ ಅಂಗೈ ತೆಗೆಯಬೇಕು, ಕಾವು ಇಳಿಯಿತೆಂದು ಬೆರಳಿಗೆ ಹೇಗೆ ತಿಳಿಯುತ್ತದೆ. ಪಕ್ಕದಲ್ಲಿ ಕುಳಿತ ಮುದುಕರು ತಲೆಯಾಡಿಸಿ, ಇಲ್ಲ, ಇನ್ನೂ ಬಂದಿಲ್ಲ ಎನ್ನಬಹುದು. ಆತ ಗುಮಟೆಯನ್ನು ಮತ್ತೊಮ್ಮೆ ಬೆಂಕಿಯ ಬಳಿಗೆ ಒಯ್ಯುತ್ತಾನೆ.